ಹೆಂಚಿಗೂ ಅಪ್ಪಣೆ, ಬಟ್ಟೆಯ ಹಗ್ಗಕ್ಕೂ ಅಪ್ಪಣೆ

ನಮ್ಮ ಹಟ್ಟಿಯಲ್ಲಿ ಮೊದಲ ಹೆಂಚಿನ ಮನೆ ಎದ್ದ ಕತೆಯನ್ನು ನಮ್ಮ ಅಜ್ಜಿಯರು ಇವತ್ತಿಗೂ ಹೇಳುತ್ತಾರೆ. ಸೋಗೆ ಗುಡಿಸಲು ಸೋರಿ ಸೋರಿ ಸಾಕಾಗಿ, ಕೂಲಿಯ ಕಾಸು ಕೂಡಿಟ್ಟು, ಒಬ್ಬಾತ ನಾಕು ಗಾಡಿ ಹೆಂಚು ತಂದು ಹೊದಿಸಿದ. ಮೂರನೇ ದಿನಕ್ಕೆ ಊರೊಳಗಿಂದ ಬುಲಾವ್ ಬಂತು. ಚಾವಡಿ ಮುಂದೆ ಕೈಕಟ್ಟಿ ನಿಂತವನಿಗೆ ಕೇಳಿದ್ದು ಒಂದೇ ಪ್ರಶ್ನೆ: "ಯಾರ್ನ ಕೇಳಿ ಹೊದಿಸ್ದ್ಯೋ?"

ಮನೆ ಸೋರುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ಮಕ್ಕಳು ನೆನೆಯುತ್ತಿದ್ದವೇ ಎಂದು ಕೇಳಲಿಲ್ಲ. ಅಪ್ಪಣೆ ಯಾರದು ಅನ್ನುವುದಷ್ಟೇ ಅವರ ಚಿಂತೆ. ಹಿಂದೂ ಹಳ್ಳಿಯಲ್ಲಿ ಅಸ್ಪೃಶ್ಯರು ಮಾಡಿದರೆ ತಪ್ಪೆನಿಸುವ ಕೆಲಸಗಳ ಪಟ್ಟಿಯನ್ನು ಬಾಬಾಸಾಹೇಬರು ಬರೆದಿಟ್ಟಿದ್ದಾರೆ. ಶುಭ್ರ ಬಟ್ಟೆ ಉಡುವುದು ತಪ್ಪು, ಬಂಗಾರ ತೊಡುವುದು ತಪ್ಪು, ಹೆಂಚಿನ ಮನೆ ಕಟ್ಟುವುದೂ ತಪ್ಪು. ಮನೆಯ ಹೊರಮೈ ಹೇಗಿರಬೇಕು ಅನ್ನುವ ಕಾನೂನು ನಮಗೆ ಹೊಸದಲ್ಲ. ಅದರ ಏಟು ನಮ್ಮ ಬೆನ್ನ ಮೇಲಿದೆ.

ಹಾಗಾಗಿಯೇ ಅಮೆರಿಕದ ಮನೆ ಮಾಲೀಕರ ಸಂಘಗಳ ಬಗ್ಗೆ ಓದಿದಾಗ ನಮಗೆ ಆಶ್ಚರ್ಯವಾಗಲಿಲ್ಲ, ಗುರುತು ಸಿಕ್ಕಿತು. ಇದು ದೂರದ ದೇಶದ ಸಂಗತಿ, ನಮಗ್ಯಾಕೆ ಅಂತ ಗೆಳೆಯರು ಪುಟ ತಿರುವಬಾರದು. ಆ ದೇಶದ ಪುಸ್ತಕವೇ ಈಗ ನಮ್ಮ ಬೆಂಗಳೂರಿನ ಗೇಟುಗಳೊಳಗೆ ಓದಿಸಿಕೊಳ್ಳುತ್ತಿದೆ.

ಅಲ್ಲಿ ಹೋಮ್ ಓನರ್ಸ್ ಅಸೋಸಿಯೇಷನ್ ಅಂತ ಕರೆಯುತ್ತಾರೆ. 1970ರ ಸುಮಾರಿಗೆ ಇಂಥ ವಸತಿ ಸಂಘಗಳು ಹತ್ತು ಸಾವಿರದಷ್ಟಿದ್ದವು ಎಂಬುದು ಅವರದೇ ಲೆಕ್ಕ. ಈಗ ಮೂರೂವರೆ ಲಕ್ಷ ದಾಟಿವೆ. ಏಳು ಕೋಟಿಗೂ ಮೀರಿದ ಜನ ಇವುಗಳ ಅಂಕೆಯಲ್ಲಿ ಬಾಳುತ್ತಿದ್ದಾರೆ. ಬಡಾವಣೆ ಮಾಡುವ ಕಂಪನಿ ಮೊದಲ ಮನೆ ಮಾರುವ ಮುಂಚೆಯೇ ಕಟ್ಟಳೆಗಳನ್ನು ಬರೆದು ನೋಂದಣಿ ಮಾಡಿಸುತ್ತದೆ. ಕ್ರಯಪತ್ರಕ್ಕೆ ರುಜು ಹಾಕಿದವನು ಸಂಘದ ಸದಸ್ಯನಾಗಲೇಬೇಕು. ಒಲ್ಲೆ ಎಂದರೆ ಮನೆಯಿಲ್ಲ. ಮನೆ ಬೇರೆಯವರಿಗೆ ಮಾರಿದರೆ ಕಟ್ಟಳೆಯೂ ಮನೆಯ ಜೊತೆಗೇ ಹೋಗುತ್ತದೆ.

ಏನೇನು ಕಟ್ಟಳೆ? ಗೋಡೆಯ ಬಣ್ಣ ಪಟ್ಟಿಯಲ್ಲಿ ಕೊಟ್ಟಿದ್ದರಲ್ಲೇ ಇರಬೇಕು. ಬೇಲಿಯ ಎತ್ತರ ಇಷ್ಟೇ ಇರಬೇಕು. ಮಾಡಿಗೆ ಇಂಥದೇ ಹೊದಿಕೆ. ಮುಂದಿನ ಹುಲ್ಲು ಇಷ್ಟು ಅಂಗುಲ ಮೀರಕೂಡದು. ಕಸದ ಡಬ್ಬ ಬೀದಿಗೆ ಕಾಣಕೂಡದು. ಕೆಲಸದ ಗಾಡಿ, ಹಳೇ ವ್ಯಾನು ಮನೆ ಮುಂದೆ ನಿಲ್ಲಕೂಡದು. ಬಟ್ಟೆ ಒಣಹಾಕುವ ಹಗ್ಗ ಕಟ್ಟಕೂಡದು. ಕಿಟಕಿ ಬದಲಿಸುವ ಮುನ್ನ ಅರ್ಜಿ ಬರೆದು, ನಕ್ಷೆ ಲಗತ್ತಿಸಿ, ಬಣ್ಣದ ತುಣುಕು ಅಂಟಿಸಿ ಸಂಘದ ವಿನ್ಯಾಸ ಸಮಿತಿಗೆ ಸಲ್ಲಿಸಬೇಕು. ಸಮಿತಿ ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಮೀರಿದರೆ ಮೊದಲು ಎಚ್ಚರಿಕೆ ಕಾಗದ, ಆಮೇಲೆ ದಂಡ. ಸಂಘದ ಬಾಕಿ ಕಟ್ಟದವನ ಮನೆಯ ಮೇಲೆ ಹಕ್ಕು ಹೂಡಿ, ಕೊನೆಗೆ ಮನೆಯನ್ನೇ ಹರಾಜಿಗೆ ತರುವ ಅಧಿಕಾರವೂ ಹಲವು ರಾಜ್ಯಗಳಲ್ಲಿ ಸಂಘಕ್ಕೆ ಇದೆ.

"ಯಾರ್ನ ಕೇಳಿ ಹೊದಿಸ್ದ್ಯೋ?" ಭಾಷೆ ನಯವಾಯಿತು, ಚಾವಡಿ ಹೋಗಿ ಸಮಿತಿ ಬಂತು, ಅಷ್ಟೆ.

ಇದನ್ನು ಸಮರ್ಥಿಸುವವರ ಬಾಯಲ್ಲಿ ಎರಡೇ ಮಾತು. ಒಂದು ಅಂದ, ಇನ್ನೊಂದು ಬೆಲೆ. ಒಬ್ಬನ ಗೋಡೆ ಕೆಟ್ಟರೆ ಹತ್ತು ಮನೆಯ ಬೆಲೆ ಇಳಿಯುತ್ತದೆ ಅನ್ನುತ್ತಾರೆ. ಈ ಬೆಲೆ ಅನ್ನುವ ಮಾತು ಎಲ್ಲಿ ಹುಟ್ಟಿತು, ಯಾರನ್ನು ನೋಡಿ ಹುಟ್ಟಿತು ಅನ್ನುವುದನ್ನು ಮಾತ್ರ ಇವರು ಹೇಳುವುದಿಲ್ಲ. ನಾವು ಹೇಳುತ್ತೇವೆ.

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕನ್ಸಾಸ್ ಸಿಟಿಯಲ್ಲಿ ಜೆ. ಸಿ. ನಿಕೋಲ್ಸ್ ಎಂಬ ಬಂಡವಾಳಗಾರ ಕಂಟ್ರಿ ಕ್ಲಬ್ ಡಿಸ್ಟ್ರಿಕ್ಟ್ ಎಂಬ ದೊಡ್ಡ ಬಡಾವಣೆಯನ್ನು ಕಟ್ಟತೊಡಗಿದ. ಕ್ರಯಪತ್ರದಲ್ಲೇ ಷರತ್ತು ಬರೆದ. ಇಷ್ಟು ಡಾಲರಿಗಿಂತ ಅಗ್ಗದ ಮನೆ ಕಟ್ಟಬಾರದು, ರಸ್ತೆಯಿಂದ ಇಷ್ಟು ಅಡಿ ಹಿಂದೆ ಇರಬೇಕು, ಹಿತ್ತಿಲಲ್ಲಿ ಇಂಥ ಕೊಟ್ಟಿಗೆ ಹಾಕಬಾರದು. ಅದೇ ಪತ್ರದಲ್ಲಿ, ಅದೇ ಶಾಯಿಯಲ್ಲಿ, ಇನ್ನೊಂದು ಷರತ್ತು: ಈ ಜಾಗವನ್ನು ಕರಿಯರು ಕೊಳ್ಳುವಂತಿಲ್ಲ, ಅದರಲ್ಲಿ ವಾಸ ಮಾಡುವಂತಿಲ್ಲ. ಇವೆಲ್ಲವನ್ನೂ ಕಾಯಲು ಮನೆ ಮಾಲೀಕರ ಸಂಘಗಳನ್ನು ಕಟ್ಟಿಸಿದ. ಅವಧಿ ಮುಗಿದರೂ ಷರತ್ತುಗಳು ತಾವಾಗಿಯೇ ನವೀಕರಣಗೊಳ್ಳುವಂತೆ ಬರೆಸಿದ. ದೇಶದ ಬಿಲ್ಡರುಗಳಿಗೆಲ್ಲ ಅವನು ಗುರುವಾದ.

ಗಮನಿಸಿ ಗೆಳೆಯರೇ. ಕೊಟ್ಟಿಗೆಯ ಷರತ್ತು ಒಂದು ಕಡೆ, ಮನುಷ್ಯರ ಷರತ್ತು ಇನ್ನೊಂದು ಕಡೆ ಇರಲಿಲ್ಲ. ಎರಡೂ ಒಂದೇ ಪಟ್ಟಿಯಲ್ಲಿದ್ದವು. ಅವರ ಲೆಕ್ಕದಲ್ಲಿ ಕೆಟ್ಟ ಕೊಟ್ಟಿಗೆಯೂ ಕರಿಯ ಮನುಷ್ಯನೂ ಒಂದೇ ಜಾತಿಯ ತೊಂದರೆ. ಎರಡೂ ಬೆಲೆ ಇಳಿಸುವಂಥವು!

1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬಿಳಿಯರ ಬೀದಿಗೆ ಕರಿಯರು ಬರಬಾರದೆಂದು ಲೂಯಿವಿಲ್ ನಗರಸಭೆ ಮಾಡಿದ್ದ ಕಾನೂನನ್ನು ಹೊಡೆದುಹಾಕಿತು. ಉಳ್ಳವರು ಹೆದರಿದರೇನು? ಇಲ್ಲ. ಸರಕಾರ ಮಾಡಬಾರದ್ದನ್ನು ಖಾಸಗಿ ಕರಾರಿನಲ್ಲಿ ಮಾಡೋಣ ಅಂದರು. 1926ರಲ್ಲಿ ಅದೇ ಕೋರ್ಟು ಖಾಸಗಿ ಕರಾರಿಗೆ ಅಡ್ಡಿಯಿಲ್ಲ ಎಂದಿತು. ಆಮೇಲೆ ಕೇಳಬೇಕೆ? ಬೀದಿ ಬೀದಿಯಲ್ಲಿ ಸಂಘಗಳೆದ್ದವು. 1934ರಲ್ಲಿ ಹುಟ್ಟಿದ ಕೇಂದ್ರ ಸರಕಾರದ ವಸತಿ ಇಲಾಖೆ ಮನೆ ಸಾಲಕ್ಕೆ ಭದ್ರತೆ ಕೊಡುತ್ತಿತ್ತು. 1938ರಲ್ಲಿ ಅದು ಹೊರಡಿಸಿದ ಕೈಪಿಡಿ, ಬಡಾವಣೆಯ ಬೆಲೆ ನಿಲ್ಲಬೇಕಾದರೆ ಒಂದೇ ವರ್ಗದ, ಒಂದೇ ಜನಾಂಗದ ಜನ ಅಲ್ಲಿರಬೇಕು ಎಂದು ಸಲಹೆ ಕೊಟ್ಟಿತು. ಬಾಗಿಲಲ್ಲಿ ಹೋದ ಮಾರಿ ಕಿಟಕಿಯಲ್ಲಿ ಬಂದಳು.

1947ರಲ್ಲಿ ನ್ಯೂಯಾರ್ಕಿನ ಹತ್ತಿರ ಲೆವಿಟೌನ್ ಕಟ್ಟತೊಡಗಿದರು. ಹದಿನೇಳು ಸಾವಿರಕ್ಕೂ ಹೆಚ್ಚು ಮನೆಗಳು, ಎಲ್ಲ ಒಂದೇ ಅಚ್ಚು. ಬೇಲಿ ಹಾಕಬಾರದು. ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಬೇಕು, ಇಲ್ಲವಾದರೆ ಕಂಪನಿಯ ಆಳು ಬಂದು ಕತ್ತರಿಸಿ ಬಿಲ್ಲು ಕಳಿಸುತ್ತಾನೆ. ರಜಾ ದಿನ ಬಟ್ಟೆ ಒಣಹಾಕಬಾರದು. ಶುರುವಿನ ಬಾಡಿಗೆ ಕರಾರಿನಲ್ಲಿ ಇನ್ನೊಂದು ಮಾತು: ಬಿಳಿಯರಲ್ಲದವರು ಈ ಮನೆಯಲ್ಲಿ ವಾಸಿಸಕೂಡದು, ಆದರೆ ಬಿಳಿಯರಲ್ಲದ ಮನೆಯಾಳುಗಳನ್ನು ಇಟ್ಟುಕೊಳ್ಳಬಹುದು.

ಈ "ಆದರೆ" ನಮಗೆ ಎಷ್ಟು ಚೆನ್ನಾಗಿ ಗೊತ್ತು! ಊರೊಳಗೆ ವಾಸಕ್ಕೆ ಬರಬೇಡ, ಆದರೆ ದನ ಸತ್ತರೆ ಎತ್ತಲು ಬಾ. ಹೊಸಿಲು ದಾಟಬೇಡ, ಆದರೆ ಸೌದೆ ಒಡೆದು ಹಿತ್ತಿಲಲ್ಲಿ ಒಟ್ಟಿ ಹೋಗು. ಆಳಾಗಿ ಬಂದರೆ ಬೆಲೆ ಇಳಿಯುವುದಿಲ್ಲ. ನೆರೆಯವನಾಗಿ ಬಂದರೆ ಇಳಿಯುತ್ತದೆ. ಅಂದಮೇಲೆ ಪ್ರಶ್ನೆ ಕೊಳೆಯದಲ್ಲ, ಬಣ್ಣದ್ದೂ ಅಲ್ಲ. ಸರಿಸಮನಾಗಿ ನಿಲ್ಲುವುದೇ ಅವರಿಗೆ ಕೊಳೆ.

ಲೊರೇನ್ ಹ್ಯಾನ್ಸ್‌ಬೆರಿ ಎಂಬ ಕರಿಯ ಲೇಖಕಿ 1959ರಲ್ಲಿ ರಂಗಕ್ಕೆ ತಂದ "ಎ ರೈಸಿನ್ ಇನ್ ದ ಸನ್" ನಾಟಕವನ್ನು ನಮ್ಮ ಹುಡುಗರು ಓದಬೇಕು. ಕೂಲಿನಾಲಿ ಮಾಡುವ ಕರಿಯರ ಕುಟುಂಬವೊಂದು ಬಿಳಿಯರ ಬೀದಿಯಲ್ಲಿ ಮನೆ ಕೊಳ್ಳುತ್ತದೆ. ಆಗ ಮನೆಗೆ ಬರುವವನು ಕೈಯಲ್ಲಿ ದೊಣ್ಣೆ ಹಿಡಿದವನಲ್ಲ. ಬಡಾವಣೆಯ ಸುಧಾರಣಾ ಸಂಘದ ಪ್ರತಿನಿಧಿ! ಮೆಲುಮಾತಿನವನು, ಮರ್ಯಾದಸ್ಥ. ದಯವಿಟ್ಟು ಬರಬೇಡಿ, ನಿಮ್ಮ ಮನೆಯನ್ನು ಹೆಚ್ಚು ಹಣಕ್ಕೆ ನಾವೇ ಕೊಳ್ಳುತ್ತೇವೆ ಅನ್ನುತ್ತಾನೆ. ಆಕೆ ಇದನ್ನು ಹವೆಯಲ್ಲಿ ಕಟ್ಟಿದ್ದಲ್ಲ. ಷಿಕಾಗೋದಲ್ಲಿ ಆಕೆಯ ಅಪ್ಪ ಇಂಥದೇ ಷರತ್ತಿನ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ 1940ರಲ್ಲಿ ಕೇಸು ಗೆದ್ದಿದ್ದ. ಸುಧಾರಣೆ ಅನ್ನುವ ಪದವನ್ನು ಕಂಡಲ್ಲೆಲ್ಲ ಯಾರ ಸುಧಾರಣೆ ಅಂತ ಕೇಳುವುದನ್ನು ನಾವು ಆಕೆಯಿಂದ ಕಲಿಯಬೇಕು.

ಸೇಂಟ್ ಲೂಯಿಸ್ ನಗರದಲ್ಲಿ ಶೆಲ್ಲಿ ಎಂಬ ಕರಿಯ ದಂಪತಿ 1945ರಲ್ಲಿ ಮನೆ ಕೊಂಡರು. 1911ರಲ್ಲಿ ಬೀದಿಯವರು ಬರೆದುಕೊಂಡಿದ್ದ ಕರಾರನ್ನು ತೋರಿಸಿ ನೆರೆಯವರು ಕೋರ್ಟಿಗೆಳೆದರು. 1948ರಲ್ಲಿ ತೀರ್ಪು ಬಂತು: ಇಂಥ ಷರತ್ತನ್ನು ಜಾರಿ ಮಾಡಲು ಕೋರ್ಟುಗಳು ಕೈಹಾಕುವಂತಿಲ್ಲ. ಶೆಲ್ಲಿಯವರು ಮನೆ ಉಳಿಸಿಕೊಂಡರು. ಆದರೂ 1957ರಲ್ಲಿ ಪೆನ್ಸಿಲ್ವೇನಿಯಾದ ಲೆವಿಟೌನಿಗೆ ಮೊದಲ ಕರಿಯ ಕುಟುಂಬ ಬಂದಾಗ ಜನ ಗುಂಪು ಕಟ್ಟಿ ಕಲ್ಲು ತೂರಿದರು. ಹಗ್ಗದ ಮೇಲಿನ ಅಂಗಿಯಿಂದ ಕೆಡುವ ಬೀದಿಯ ಅಂದ ಕಲ್ಲಿನಿಂದ ಕೆಡಲಿಲ್ಲವೇನು? 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗರನ್ನು ಕೊಂದ ಒಂದು ವಾರಕ್ಕೆ, ವಸತಿಯಲ್ಲಿ ಭೇದ ಮಾಡುವುದೇ ಅಪರಾಧ ಎಂಬ ಕಾಯಿದೆ ಬಂತು.

ಮನುಷ್ಯರ ಷರತ್ತು ಕಾನೂನಿನಲ್ಲಿ ಸತ್ತಿತು. ಹಳೆಯ ಪತ್ರಗಳಲ್ಲಿ ಅದರ ಹೆಣ ಇನ್ನೂ ಬಿದ್ದಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಿಂದ ಇಂಥ ಪತ್ರಗಳನ್ನು ಹುಡುಕಿ ನಕ್ಷೆ ಮಾಡುತ್ತಿದ್ದಾರೆ. ಆದರೆ ಕೊಟ್ಟಿಗೆಯ ಷರತ್ತು, ಹುಲ್ಲಿನ ಷರತ್ತು, ಹಗ್ಗದ ಷರತ್ತು ಜೀವಂತ. ಅವುಗಳನ್ನು ಕಾಯುವ ಸಂಘ ಜೀವಂತ. ಬೆಲೆ ಅನ್ನುವ ಮಂತ್ರ ಜೀವಂತ. ಇವತ್ತಿನ ಪ್ರತಿಯೊಬ್ಬ ಸದಸ್ಯನೂ ಜನಾಂಗ ದ್ವೇಷಿ ಅಂತ ನಾವು ಹೇಳುವುದಿಲ್ಲ. ಇವತ್ತು ಆ ಸಂಘಗಳಲ್ಲಿ ಕರಿಯರೂ ಇದ್ದಾರೆ, ನಮ್ಮ ದೇಶದಿಂದ ಹೋದವರೂ ಇದ್ದಾರೆ. ನಾವು ಹೇಳುವುದು ಇಷ್ಟೆ: ಬಡವನ ಬದುಕಿನ ಗುರುತು ಕಾಣಿಸುವುದೇ ನಷ್ಟ ಅನ್ನುವ ಲೆಕ್ಕವನ್ನು ಆ ಯಂತ್ರ ಬಿಟ್ಟಿಲ್ಲ. ಕೆಲಸದ ಗಾಡಿ ಯಾರ ಮನೆ ಮುಂದೆ ನಿಲ್ಲುತ್ತದೆ? ದುಡಿಯುವವನ ಮನೆ ಮುಂದೆ. ಒಣಗಿಸುವ ಯಂತ್ರ ಇಲ್ಲದೆ ಹಗ್ಗ ಕಟ್ಟುವವರು ಯಾರು? ಕರೆಂಟಿನ ಬಿಲ್ಲಿಗೆ ಹೆದರುವವರು. ಬಣ್ಣ ಮಾಸಿದ ಗೋಡೆ ಯಾರದು? ಆ ತಿಂಗಳು ಕೆಲಸ ಕಳಕೊಂಡವನದು, ಕಾಯಿಲೆ ಬಿದ್ದವನದು. ಇಂಥವನಿಗೆ ನೆರವಿನ ಕೈ ಬರಬೇಕಾದ ಹೊತ್ತಿನಲ್ಲಿ ದಂಡದ ಕಾಗದ ಬರುತ್ತದೆ!

ನಮ್ಮನ್ನು ಕೇಳುವವರುಂಟು: "ಹಾಗಾದರೆ ಊರು ಗಲೀಜಾಗಿರಲಿ ಅಂತೀರಾ?" ಸ್ವಾಮಿ, ಊರಿನ ಗಲೀಜನ್ನು ತಲೆಮಾರುಗಟ್ಟಲೆ ಬಾಚಿದವರು ನಾವು. ಚೊಕ್ಕಟದ ಪಾಠ ನಮಗೆ ಬೇಡ. ಗೋಡೆ ಬಿರಿದು ಪಕ್ಕದವನ ಮೇಲೆ ಬೀಳುವಂತಿದ್ದರೆ ಸರಿಮಾಡಿಸಿ. ಚರಂಡಿ ಕಟ್ಟಿದರೆ ಬಿಡಿಸಿ. ವಿದ್ಯುತ್ತಿನ ತಂತಿ, ಬೆಂಕಿಯ ಭಯ, ಕುಡಿಯುವ ನೀರು, ಇವಕ್ಕೆ ನಿಯಮ ಬೇಕು, ಕಟ್ಟುನಿಟ್ಟಾಗಿಯೇ ಬೇಕು. ಇವು ಜೀವ ಕಾಯುವ ನಿಯಮ. ಬಾಗಿಲಿಗೆ ಹಳದಿ ಬಳಿದರೆ ಯಾರ ಜೀವ ಹೋಗುತ್ತೆ? ಹೆಂಗಸು ಸೀರೆ ಒಣಹಾಕಿದರೆ ಇವರಪ್ಪನ ಮನೆ ಗಂಟೇನು ಹೋಗುತ್ತೆ? ಜೀವ ಕಾಯುವ ನಿಯಮದ ಸೆರಗಿನಲ್ಲಿ ಮೇಲರಿಮೆ ಕಾಯುವ ನಿಯಮವನ್ನು ಅಡಗಿಸಿ ತರುವುದೇ ಇವರ ಚಾಲಾಕಿ.

ಇನ್ನೊಂದು ಮಾತು: "ಅವರೇ ಒಪ್ಪಿ ರುಜು ಹಾಕಿದ್ದಾರಲ್ಲ." ಹೌದು, ನಮ್ಮ ತಾತನೂ ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದ. ಹೊಸ ಬಡಾವಣೆಗಳಲ್ಲಿ ಕಂಡಕಂಡ ಕಡೆಯೆಲ್ಲ ಅದೇ ಕರಾರು ಕಾದಿದ್ದರೆ ಒಪ್ಪಿಗೆ ಅನ್ನುವುದಕ್ಕೆ ಏನರ್ಥ?

ಅಮೆರಿಕದ ಜನ ಇದನ್ನು ತೆಪ್ಪಗೆ ಸಹಿಸಿಕೊಂಡಿಲ್ಲ ಅನ್ನುವುದನ್ನೂ ಹೇಳಬೇಕು. ಬಟ್ಟೆ ಒಣಹಾಕುವ ಹಕ್ಕಿಗಾಗಿ ಅಲ್ಲಿ ಹೋರಾಟ ನಡೆದಿದೆ. ಫ್ಲಾರಿಡಾ, ವರ್ಮಾಂಟ್, ಮೇನ್, ಹವಾಯಿ ಮುಂತಾದ ರಾಜ್ಯಗಳು ಹಗ್ಗ ಕಟ್ಟುವುದನ್ನು ಸಂಘಗಳು ನಿಷೇಧಿಸದಂತೆ ಕಾನೂನು ಮಾಡಿವೆ. ತಮ್ಮ ಮನೆಯ ಮೇಲೆ ತಮ್ಮ ದೇಶದ ಬಾವುಟ ಹಾರಿಸಲು ಸಂಘ ಅಡ್ಡ ಬರಬಾರದೆಂದು 2006ರಲ್ಲಿ ಅವರ ಸಂಸತ್ತೇ ಕಾನೂನು ಮಾಡಬೇಕಾಯಿತು. ನೋಡಿ, ಬಾವುಟಕ್ಕೂ ಅಪ್ಪಣೆ ಬೇಕಿತ್ತು! ಬಿಳಿಯನ ಕುತ್ತಿಗೆಗೂ ಹಗ್ಗ ಬಿಗಿದಾಗ ಮಾತ್ರ ಅದು ಹಗ್ಗ ಅಂತ ಆ ದೇಶಕ್ಕೆ ಗೊತ್ತಾಯಿತು.

ಈಗ ನಮ್ಮ ಗೇಟಿಗೆ ಬರೋಣ. 1972ರಲ್ಲಿ ಕರ್ನಾಟಕ ಸರಕಾರ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯಿದೆ ಮಾಡಿತು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಮಾಲೀಕ ಮಾಡಬಾರದು ಅಂತ ಅದರಲ್ಲಿ ಬರೆದರು. ಸರಿಯೇ. ಅದರ ಬೆನ್ನಿಗೇ, ಆಸ್ತಿಯ ಬೆಲೆ ಇಳಿಸುವ ಕೆಲಸವನ್ನೂ ಮಾಡಬಾರದು ಅಂತ ಸೇರಿಸಿದರು. ಅದೇ ಬೆಲೆ! ಅದೇ ವರ್ಷ ಮುಂಬಯಿಯಲ್ಲಿ ನಮ್ಮವರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರನ್ನು ಎರವಲು ತಂದು ದಲಿತ ಪ್ಯಾಂಥರ್ಸ್ ಕಟ್ಟಿದರು. ಅಮೆರಿಕದಿಂದ ಕಲಿಯುವುದು ಎರಡು ಬಗೆಯಲ್ಲೂ ಇದೆ. ಯಾವುದನ್ನು ಕಲಿಯುತ್ತೇವೆ ಅನ್ನುವುದು ನಮ್ಮ ಮುಂದಿನ ಪ್ರಶ್ನೆ.

2005ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅಂತ ಬೈಲಾ ಮಾಡಿಕೊಂಡಿತ್ತು. ಕೋರ್ಟು ಆ ಬೈಲಾವನ್ನು ಎತ್ತಿಹಿಡಿಯಿತು. ಪಾರ್ಸಿಗಳು ಬೆರಳೆಣಿಕೆಯ ಜನ, ಅವರ ಮೇಲೆ ನಮಗೆ ಕೋಪವಿಲ್ಲ. ಆದರೆ ಆ ಬಾಗಿಲು ತೆರೆದ ಮೇಲೆ ಯಾರು ಯಾರು ಒಳನುಗ್ಗಬಹುದು ಎಂದು ಯೋಚಿಸಿ. ಸಂಘ ಕಟ್ಟುವ ಹಕ್ಕಿನ ಹೆಸರಲ್ಲಿ ಹೊಸ ಅಗ್ರಹಾರಗಳನ್ನು ಕಟ್ಟುವುದು ಎಷ್ಟು ಸಲೀಸು! ಅಮೆರಿಕ 1948ರಲ್ಲಿ ಮುಚ್ಚತೊಡಗಿದ ಬಾಗಿಲನ್ನು ನಾವು 2005ರಲ್ಲಿ ತೆರೆದೆವು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಒಳಗೆ ಹೋಗಿಬಂದ ನಮ್ಮ ಅಕ್ಕತಂಗಿಯರಿಗೆ ಉಳಿದದ್ದೆಲ್ಲ ಗೊತ್ತು. ಬಾಲ್ಕನಿಯಲ್ಲಿ ಬಟ್ಟೆ ಕಾಣಬಾರದು, ಕಿಟಕಿಯ ಸರಳು ಒಂದೇ ನಮೂನೆ, ಬಾಗಿಲ ಬಣ್ಣ ಒಂದೇ. ಅದೇ ಬೈಲಾದ ನೆರಳಲ್ಲಿ, ಎಷ್ಟೋ ಕಡೆ, ಮನೆಗೆಲಸದವರಿಗೆ ಬೇರೆ ಲಿಫ್ಟು, ಅಂಗಳದ ಬೆಂಚಿನ ಮೇಲೆ ಕೂರಬಾರದು ಎಂಬ ನೋಟೀಸು. ಲೆವಿಟೌನಿನ ಆ "ಆದರೆ" ಇಲ್ಲಿ ಕನ್ನಡ ಕಲಿತಿದೆ. ಇತ್ತ ಅಮೆರಿಕಕ್ಕೆ ಹೋದ ನಮ್ಮ ಸವರ್ಣೀಯರು ಜಾತಿಯನ್ನೂ ಪೆಟ್ಟಿಗೆಯಲ್ಲಿ ಹೊತ್ತುಕೊಂಡೇ ಹೋದರು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ, ವಸತಿಯೂ ಸೇರಿದಂತೆ, ಜಾತಿಭೇದವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥ ಮಸೂದೆಯನ್ನು ಅಲ್ಲಿನ ಗವರ್ನರು ತಿರಸ್ಕರಿಸಿದರು.

ಕೊನೆಯ ಮಾತು ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ಇದು ಕಹಿ. ನಮ್ಮಲ್ಲಿ ನಾಕಕ್ಷರ ಕಲಿತು, ನೌಕರಿ ಹಿಡಿದು, ಸಾಲ ಎತ್ತಿ ಫ್ಲ್ಯಾಟು ಕೊಂಡವರಿದ್ದಾರೆ. ಕೊಳ್ಳಲಿ, ಇನ್ನೂ ಹತ್ತು ಮಂದಿ ಕೊಳ್ಳಲಿ. ನಮಗೆ ಬೇಕಾದವರೊಬ್ಬರ ಮನೆಗೆ ಹಳ್ಳಿಯಿಂದ ಅವರವ್ವ ಬಂದರು. ಬಂದ ಮಾರನೇ ದಿನ ಬಾಲ್ಕನಿಯಲ್ಲಿ ಸೀರೆ ಒಣಹಾಕಿ, ಮೊರದಲ್ಲಿ ಮೆಣಸಿನಕಾಯಿ ಹರವಿದರು. ಸಂಜೆಗೆ ಸಂಘದಿಂದ ಚೀಟಿ ಬಂತು. ಮಗ ಚೀಟಿ ಹರಿಯಲಿಲ್ಲ. ಅವ್ವನ ಮೇಲೇ ರೇಗಿದ: "ಇಲ್ಲೆಲ್ಲ ಹಂಗ್ ಮಾಡ್ಬಾರ್ದು ಕಣವ್ವ, ಜನ ಏನಂದ್ಕತ್ತಾರೆ." ಅವ್ವ ಮಾತಾಡದೆ ಸೀರೆ ಎಳಕೊಂಡು, ಒದ್ದೆಯದನ್ನೇ ಮಡಚಿ ಒಳಗಿಟ್ಟರು. ನಾವು ಅಲ್ಲೇ ಕೂತಿದ್ದೆವು, ಕಾಫಿ ಕುಡಿಯುತ್ತಿದ್ದೆವು. ನಾವೂ ಬಾಯಿ ಬಿಡಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇವೆ.

ಚಾವಡಿಯಿಂದ ಬರುತ್ತಿದ್ದ ಪ್ರಶ್ನೆ ಈಗ ನಮ್ಮ ಮಗನ ಬಾಯಿಂದಲೇ ಅವ್ವನಿಗೆ ಬಂದರೆ ನಾವು ಕಲಿತ ಅಕ್ಷರಕ್ಕೆ ಏನು ಅರ್ಥ? ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಾಳೆ ನೀವೂ ಇಂಥ ಕಾಗದಕ್ಕೆ ರುಜು ಹಾಕುವವರು. ಓದಿ ರುಜು ಹಾಕಿ. ಸಂಘದ ಸಭೆಗೆ ಹೋಗಿ ಕೂರಿ, ಪ್ರತಿ ನಿಯಮಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಯಾರ ಜೀವ ಕಾಯುತ್ತದೆ? ಉತ್ತರ ಇದ್ದರೆ ಪಾಲಿಸಿ. ಬೆಲೆ ಅನ್ನುವುದೊಂದೇ ಉತ್ತರವಾದರೆ ಎದ್ದು ನಿಂತು ಬೇಡ ಅನ್ನಿ. ಬೇರೆ ಲಿಫ್ಟಿನ ಬೋರ್ಡು ಕಂಡರೆ ಮೊದಲು ಅದನ್ನು ಕೀಳಿಸಿ, ಗೋಡೆಯ ಬಣ್ಣದ ಚರ್ಚೆ ಆಮೇಲೆ ಆಗಲಿ. ಆ ಮನೆಗಳನ್ನು ಗುಡಿಸುವ ಹೆಂಗಸರನ್ನೂ ಸಭೆಗೆ ಕರೆಸಿ, ಚೊಕ್ಕಟ ಅಂದರೇನು ಅಂತ ಅವರು ಹೇಳಲಿ.

ನಮ್ಮ ಹಟ್ಟಿಯ ಆ ಹೆಂಚಿನ ಮನೆ ಏನಾಯಿತು ಅಂತ ಕೇಳುತ್ತೀರಿ. ಚಾವಡಿಯಲ್ಲಿ ಆತ ದಂಡ ಕಟ್ಟಿ ಬಂದ. ಹೆಂಚು ಇಳಿಸಲಿಲ್ಲ. ಮರುವರ್ಷ ಪಕ್ಕದವನೂ ಹೊದಿಸಿದ, ಯಾರನ್ನೂ ಕೇಳದೆ.